ಟ್ಯೂಬ್‌ಲೈಟಿನ ಬಣ್ಣ

ಕಣ್ಣಿನ ಕೆಳಗಿನ ನೆರಳಿಗೆ ಕಪ್ಪು ದಾರ ಹಾಕಿದರೆ ಮುಖ ಕೆಟ್ಟುಹೋಗುತ್ತದೆ. ಅಲ್ಲಿಗೆ ಹಸಿರು ಬೆರೆತ ಬೂದು ಬೇಕು. ದಾರದ ಲಡಿಯಲ್ಲಿರುವ ಆರು ಎಳೆಗಳಲ್ಲಿ ಒಂದನ್ನೇ ಬಿಡಿಸಿಕೊಂಡು, ಅತಿ ಸಣ್ಣ ಸೂಜಿಯಲ್ಲಿ, ಮೂಗಿನ ಕಡೆಯಿಂದ ಕೆನ್ನೆಯ ಕಡೆಗೆ ಒಂದು ಗಿಡ್ಡ ಒಂದು ಉದ್ದ ಹೊಲಿಗೆಯಾಗಿ ಇಳಿಸುತ್ತ ಹೋಗಬೇಕು. ಸೀರೆಯ ಮೇಲೆ ಹೂವು ಎಲೆ ಹಾಕುವವರು ಯಾರೂ ಈ ಬಣ್ಣ ಕೇಳುವುದಿಲ್ಲ. ತುಮಕೂರಿನಲ್ಲಿ ನಾನು ದಾರ ಕೊಳ್ಳುತ್ತಿದ್ದ ಅಂಗಡಿಯಲ್ಲಿ ಅದು ಗಾಜಿನ ಬೀರುವಿನ ತೀರಾ ಕೆಳಗಿನ ಖಾನೆಯಲ್ಲಿ ಧೂಳು ಹಿಡಿದು ಕೂತಿರುತ್ತಿತ್ತು. ಬ್ಯಾಂಕಿನವರ ಮುಖ ಹೊಲಿಯಲು ನನಗೆ ಎಲ್ಲಕ್ಕಿಂತ ಹೆಚ್ಚು ಖರ್ಚಾಗುತ್ತಿದ್ದದ್ದು ಅದೇ ದಾರ.

ಎಂ.ಕಾಂ. ಮುಗಿಸಿ, ಪರೀಕ್ಷೆ ಬರೆದು, ನಾನು ಬ್ಯಾಂಕಿನಲ್ಲಿ ಆಫೀಸರ್ ಆಗಿ ಸೇರಿದ್ದು ತೊಂಬತ್ತರ ದಶಕದ ಕೊನೆಯಲ್ಲಿ. ಮೊದಲು ಹಾಕಿದ್ದು ಕುಣಿಗಲ್ ಶಾಖೆಗೆ. ಕೆರೆಯ ಕಡೆ ಹೋಗುವ ರಸ್ತೆಯಲ್ಲಿ ಒಂದು ಮನೆಯ ಹಿಂಭಾಗದ ಕೋಣೆ ಬಾಡಿಗೆಗೆ ಹಿಡಿದಿದ್ದೆ. ಸಂಜೆ ಆಫೀಸಿನಿಂದ ಬಂದ ಮೇಲೆ ಮಾತಾಡಲು ಯಾರೂ ಇರಲಿಲ್ಲ. ಮಾತಾಡಬೇಕೆಂದು ಅನಿಸುತ್ತಲೂ ಇರಲಿಲ್ಲ. ಕಸೂತಿ ಹಾಕುತ್ತಿದ್ದೆ. ಹೂವು, ಗಿಳಿ, ಕಳಶ ಇವೆಲ್ಲ ಅಮ್ಮ ಕಲಿಸಿದ್ದು. ಮುಖ ಹೊಲಿಯುವುದನ್ನು ಯೂನಿವರ್ಸಿಟಿ ಹಾಸ್ಟೆಲಿನಲ್ಲಿ ನಾನೇ ಹೊಲಿದು, ಬಿಚ್ಚಿ, ಮತ್ತೆ ಹೊಲಿದು ಕಲಿತಿದ್ದೆ. ಫೋಟೋವನ್ನು ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಿ, ಅದರ ಮೇಲೆ ಬಟರ್ ಪೇಪರ್ ಇಟ್ಟು ಗೆರೆ ತೆಗೆದು, ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಬೇಕು. ಆಮೇಲೆ ಅದನ್ನು ಬಟ್ಟೆಯ ಮೇಲೆ ಹಾಸಿ, ಸೀಮೆಎಣ್ಣೆಯಲ್ಲಿ ಕಲಸಿದ ನೀಲಿ ಪುಡಿ ಉಜ್ಜಬೇಕು. ಪೇಪರ್ ಎತ್ತಿದರೆ ಬಟ್ಟೆಯ ಮೇಲೆ ನೀಲಿ ಚುಕ್ಕೆಗಳ ಒಂದು ಮುಖ. ಒಂದೆರಡು ದಿನ ಕೋಣೆಯಲ್ಲೂ ನನ್ನ ಕೂದಲಲ್ಲೂ ಸೀಮೆಎಣ್ಣೆಯ ವಾಸನೆ.

ಇದು ಆಫೀಸಿಗೆ ಗೊತ್ತಾದದ್ದು ಆಕಸ್ಮಿಕವಾಗಿ. ಕುಣಿಗಲ್ ಶಾಖೆಯ ಮ್ಯಾನೇಜರು ನಿವೃತ್ತರಾಗುವವರಿದ್ದರು. ಹಿಂದಿನವರಿಗೆ ಗೋಡೆ ಗಡಿಯಾರ ಕೊಟ್ಟಾಗಿತ್ತು, ಅವರಿಗಿಂತ ಹಿಂದಿನವರಿಗೆ ಸೂಟ್‌ಕೇಸು. ಏನು ಕೊಡುವುದೆಂದು ಊಟದ ಹೊತ್ತಿನಲ್ಲಿ ಮಾತು ಬಂದಾಗ, ಒಮ್ಮೆ ನನ್ನ ಕೋಣೆಗೆ ಬಂದಿದ್ದ ಕ್ಲರ್ಕ್ ಒಬ್ಬರು, "ಮೇಡಂ ಮನುಷ್ಯರನ್ನೇ ಹೊಲಿತಾರೆ ಕಣ್ರೀ, ಅದನ್ನೇ ಕೊಡೋಣ" ಅಂದುಬಿಟ್ಟರು. ಬೇಡ ಅನ್ನಲು ನನಗೆ ಬರಲಿಲ್ಲ. ಕೂತು ಹೊಲಿದೆ. ಆದರೆ ದಿನ ಸಾಲಲಿಲ್ಲ. ಬೀಳ್ಕೊಡುಗೆಯ ದಿನ ಫ್ರೇಮು ಹಾಕಿಸಿ ತಂದಾಗ ಮ್ಯಾನೇಜರಿಗೆ ಎರಡೂ ಕಿವಿ ಇರಲಿಲ್ಲ. ಕಿವಿಯ ಜಾಗದಲ್ಲಿ ಬರೀ ನೀಲಿ ಚುಕ್ಕೆ. ಹುಲಿಯೂರುದುರ್ಗದ ಕಡೆಯಿಂದ ಬಂದಿದ್ದ ಹಳೆಯ ಗಿರಾಕಿಯೊಬ್ಬರು ಹತ್ತಿರ ಹೋಗಿ ಬಗ್ಗಿ ನೋಡಿ, "ಸರಿಯಾಗೇ ಮಾಡವ್ಳೆ ಬುಡಿ. ನಾವ್ ಹೇಳಿದ್ದು ಇವ್ರು ಯಾವತ್ತು ಕೇಳಿಸ್ಕಂಡಿದ್ರು" ಅಂದರು. ಮ್ಯಾನೇಜರು ಸಹ ನಕ್ಕರು. ಆ ನಗುವಿನಿಂದಾಗಿ ಸುದ್ದಿ ಬೇರೆ ಶಾಖೆಗಳಿಗೂ ಹೋಯಿತು. ತುಮಕೂರಿನ ರೀಜನಲ್ ಆಫೀಸಿನಲ್ಲಿ ಯಾರಾದರೂ ನಿವೃತ್ತರಾಗುವುದಿದ್ದರೆ, ಅದಕ್ಕೆ ಒಂದೆರಡು ತಿಂಗಳ ಮೊದಲೇ ನನಗೊಂದು ಫೋನು ಬರುವ ಪದ್ಧತಿ ಶುರುವಾಯಿತು.

ಹಗಲೆಲ್ಲ ನನ್ನ ಕೆಲಸವೂ ಮುಖಗಳದ್ದೇ ಆಗಿತ್ತು. ಆ ವರ್ಷಗಳಲ್ಲಿ ಹಳೆಯ ಖಾತೆಗಳಿಗೆಲ್ಲ ಫೋಟೋ ಅಂಟಿಸಬೇಕೆಂದು ಆದೇಶ ಬಂದಿತ್ತು. ಯಡಿಯೂರು ಕಡೆಯ ಹಳ್ಳಿಗಳಿಂದ ಬರುವವರು ಒಂದೇ ಸ್ಟುಡಿಯೋದ ಒಂದೇ ನೀಲಿ ಪರದೆಯ ಮುಂದೆ ಕೂತು ತೆಗೆಸಿದ ಪುಟ್ಟ ಫೋಟೋಗಳನ್ನು ಕರವಸ್ತ್ರದಲ್ಲಿ ಸುತ್ತಿ ತರುತ್ತಿದ್ದರು. ಬ್ಯಾಂಕಿಗೆ ಮುಖ ಬೇಕಾಗಿದ್ದದ್ದು ಹೋಲಿಸುವುದಕ್ಕೆ. ಇದು ಇವರೇ, ಸರಿ, ಮುಂದೆ. ಸೂಜಿ ಹಿಡಿದು ಕೂತರೆ ಮುಖದ ಎಡಕ್ಕೂ ಬಲಕ್ಕೂ ಹೋಲಿಕೆ ಇರುವುದಿಲ್ಲ. ಮ್ಯಾನೇಜರುಗಳ ನಗು ಬಾಯಿಯ ಒಂದು ಮೂಲೆಯಲ್ಲಿ ಮಾತ್ರ ಇರುತ್ತಿತ್ತು, ಗಿರಾಕಿ ಎದ್ದುಹೋದ ಮೇಲೂ ಅಲ್ಲೇ ಉಳಿದುಬಿಟ್ಟ ನಗು. ಕ್ಯಾಷಿಯರುಗಳ ತುಟಿ ಬಿಗಿ. ಮನಸ್ಸಿನಲ್ಲೇ ಎಣಿಸಿ ಎಣಿಸಿ ಹಾಗಾಗಿದೆಯೆಂದು ನನ್ನ ಊಹೆ. ಎಲ್ಲರ ಮೂಗಿನ ಮೇಲೂ ಕನ್ನಡಕದ ಎರಡು ಗುಳಿ. ಬೆಳಕು ಎಲ್ಲರಿಗೂ ನೆತ್ತಿಯ ಮೇಲಿನ ಟ್ಯೂಬ್‌ಲೈಟಿನಿಂದಲೇ ಬಿದ್ದು, ಹುಬ್ಬಿನ ಕೆಳಗೆ, ಮೂಗಿನ ಕೆಳಗೆ, ಕೆಳತುಟಿಯ ಕೆಳಗೆ ನೆರಳು ನಿಂತಿರುತ್ತಿತ್ತು. ಹೊಲದಲ್ಲಿ ದುಡಿಯುವವರ ಮುಖಕ್ಕೆ ನೆಲದಿಂದಲೂ ಬೆಳಕು ಬರುತ್ತದೆ. ನಮ್ಮವರಿಗೆ ಅದಿಲ್ಲ. ಎಷ್ಟೇ ಕೆಂಪು, ಕಂದು ಹಾಕಿದರೂ ಕೊನೆಗೆ ಆ ಹಸಿರು ಬೂದನ್ನು ತಂದು ಕೂರಿಸಲೇಬೇಕಿತ್ತು.

ಇದೆಲ್ಲ ಆಫೀಸಿನಲ್ಲಿ ತೆಗೆದ ಫೋಟೋಗಳನ್ನು ನೋಡಿ ಹೇಳುತ್ತಿರುವುದು. ಎದುರಿಗಿದ್ದವರ ಮುಖ ದಿಟ್ಟಿಸಿ ನೋಡುವುದು ನನ್ನಿಂದ ಯಾವತ್ತೂ ಆಗುತ್ತಿರಲಿಲ್ಲ. ಮಾತಾಡುವವರ ಭುಜವನ್ನೋ ಕೈಯಲ್ಲಿನ ಪಾಸ್‌ಬುಕ್ಕನ್ನೋ ನೋಡಿ ಮಾತಾಡುವುದು ನನ್ನ ಅಭ್ಯಾಸ.

ಶತಮಾನ ಬದಲಾಗುವ ಹೊತ್ತಿಗೆ ನನಗೆ ಗುಬ್ಬಿಗೆ ವರ್ಗವಾಯಿತು. ತುಮಕೂರಿನ ನಮ್ಮ ಮನೆಯಿಂದಲೇ ಓಡಾಟ. ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ ನಮ್ಮ ಶಾಖೆಯ ಹೆಡ್ ಕ್ಯಾಷಿಯರ್ ಕೂಡ ಬರುತ್ತಿದ್ದರು. ಅವರೂ ತುಮಕೂರಿನವರೇ, ಮುಸಲ್ಮಾನರು, ಐವತ್ತು ದಾಟಿದವರು. ಊರೆಲ್ಲ ಅವರನ್ನು ಕರೆಯುತ್ತಿದ್ದದ್ದು ಸಾಹೇಬರು ಎಂದು. ರೈಲಿನಲ್ಲಿ ಅವರು ಉರ್ದು ಪೇಪರ್ ಓದುತ್ತಿದ್ದರು. ಇನ್ನೊಂದು ಕೈಯಲ್ಲಿ ತಂದಿರುತ್ತಿದ್ದ ಕನ್ನಡ ಪೇಪರನ್ನು ಮಾತಿಲ್ಲದೆ ನನ್ನ ಕಡೆ ನೀಡುತ್ತಿದ್ದರು. ಇಳಿಯುವಾಗ ಮಡಿಸಿ ವಾಪಸ್ಸು ಕೊಡುತ್ತಿದ್ದೆ. ನಮ್ಮ ನಡುವೆ ಅಷ್ಟೇ. ಅವರ ಮನೆಯಲ್ಲಿ ಯಾರಿದ್ದಾರೆಂದು ನಾನು ಕೇಳಿರಲಿಲ್ಲ, ನನ್ನದನ್ನು ಅವರೂ ಕೇಳಿರಲಿಲ್ಲ. ಅದು ಇಬ್ಬರಿಗೂ ಹಿತವಾಗಿತ್ತು.

ಆದರೆ ಕ್ಯಾಷ್ ಕ್ಯಾಬಿನ್ನಿನೊಳಗೆ ಕೂತರೆ ಅವರು ಬೇರೆಯೇ ಮನುಷ್ಯ. ಮೂರು ಕಡೆ ಕಬ್ಬಿಣದ ಜಾಲರಿ, ಮುಂದೆ ಮಬ್ಬು ಗಾಜು, ಗಾಜಿನಲ್ಲಿ ಅರ್ಧಚಂದ್ರದ ಕಿಂಡಿ. ಆ ಕಿಂಡಿಯಿಂದ ಅವರ ದನಿ ಇಡೀ ಹಾಲಿಗೆ ಕೇಳುತ್ತಿತ್ತು. ತಿಂಗಳಿಗೊಮ್ಮೆ ಪಿಂಚಣಿಗೆ ಬರುವ ಒಬ್ಬ ಅಜ್ಜಿಯ ಹತ್ತಿರ ಅವರ ಜಗಳ ತಪ್ಪುತ್ತಿರಲಿಲ್ಲ.

"ಏನಜ್ಜಿ, ಈ ಸಲಾನೂ ತಗೊಂಡೋಗಿ ಮೊಮ್ಮಗನ ಕೈಗೆ ಹಾಕ್ತೀಯಾ? ಕಣ್ಣಿಗೆ ಡ್ರಾಪ್ಸ್ ಬಿಟ್ಕೋ ಮೊದ್ಲು."

"ನೀನ್ ಕೊಡಪ್ಪ ಸುಮ್ಕೆ. ನನ್ ಮೊಮ್ಮಗನ ಸುದ್ದಿ ನಿಂಗ್ಯಾಕೆ."

"ಕಣ್ ಕಾಣ್ದೆ ನನ್ನನ್ನ ಮ್ಯಾನೇಜರು ಅಂದ್ಕೊಂಡ್ರೆ ಏನ್ ಮಾಡ್ಲಿ?"

"ಅಷ್ಟೂ ಗೊತ್ತಾಗಲ್ವಾ. ಮ್ಯಾನೇಜ್ರು ಮಾತೇ ಆಡಲ್ಲ."

ಆ ಮ್ಯಾನೇಜರು ಕೆಟ್ಟವರೇನಲ್ಲ. ಆದರೆ ಅವರ ತಲೆಯ ಮೇಲೆ ಸ್ವಯಂನಿವೃತ್ತಿ ಯೋಜನೆ ಬಂದು ಕೂತಿತ್ತು. ವಯಸ್ಸು, ಸರ್ವೀಸು ಇಷ್ಟಾದವರು ತಾವಾಗಿಯೇ ಅರ್ಜಿ ಕೊಟ್ಟು ಹೋಗಬಹುದು, ಒಂದು ಮೊತ್ತ ಕೊಡುತ್ತೇವೆ ಎಂಬುದು ಅದರ ತಾತ್ಪರ್ಯ. ಶಾಖೆಗಳಿಗೆ ಕಂಪ್ಯೂಟರ್ ಬರುವ ಕಾಲ. ಅರ್ಜಿ ಕೊಡಲು ಕೊನೆಯ ದಿನ ಗೊತ್ತಾಗಿತ್ತು. ಯಾರು ಯಾರು ಹೋಗುತ್ತಾರೆಂದು ರೀಜನಲ್ ಆಫೀಸಿನಿಂದ ದಿನಾ ಫೋನು. ಒಂದು ಮಧ್ಯಾಹ್ನ ಮ್ಯಾನೇಜರು ನನ್ನನ್ನು ಕರೆದು, ಸರ್ವೀಸ್ ಫೈಲಿನ ಒಂದು ಹಳೆಯ ಕಪ್ಪುಬಿಳುಪು ಫೋಟೋ ಕೊಟ್ಟರು.

"ಮೇಡಂ, ಸಾಹೇಬ್ರದು ಶುರು ಮಾಡ್ಬಿಡಿ."

"ಅಪ್ಲಿಕೇಷನ್ ಕೊಟ್ರಾ ಸರ್?"

"ಕೊಡ್ತಾರೆ. ಕೊಡದೆ ಏನ್ ಮಾಡ್ತಾರೆ? ಕಂಪ್ಯೂಟರ್ ಮುಟ್ಟಲ್ಲ ಅಂತಾರೆ. ನಿಮ್ಗೆ ಎರಡು ತಿಂಗಳು ಬೇಕಲ್ವಾ, ಆಮೇಲೆ ಕುಣಿಗಲ್ ಥರ ಕಿವಿ ಇಲ್ಲ, ಮೂಗಿಲ್ಲ ಅನ್ನೋದು ಬೇಡ. ಅವ್ರಿಗೆ ಈಗ್ಲೇ ಹೇಳ್ಬೇಡಿ, ಸರ್‌ಪ್ರೈಸ್ ಇರ್ಲಿ."

ಹೊಲಿಗೆ ನಿಧಾನವೆಂಬ ಒಂದೇ ಕಾರಣಕ್ಕೆ, ಹೊರಡದ ಮನುಷ್ಯನ ಬೀಳ್ಕೊಡುಗೆ ಹೀಗೆ ಶುರುವಾಯಿತು. ಆ ತಿಂಗಳು ಬೇರೆ ಶಾಖೆಗಳಿಂದಲೂ ಫೋಟೋಗಳು ಬಂದಿದ್ದವು. ನನ್ನ ಮೇಜಿನ ಡ್ರಾಯರಿನಲ್ಲಿ ಹೋಗುವವರ ಮುಖಗಳು ಒಂದರ ಮೇಲೊಂದು ಬಿದ್ದಿದ್ದವು. ಕಣ್ಣು ಉರಿಯುತ್ತಿತ್ತು. ಸಾಹೇಬರ ಫೋಟೋವನ್ನು ಕವರಿಗೆ ಹಾಕಿಕೊಂಡೆ.

ಭಾನುವಾರ ದಾರದ ಅಂಗಡಿಗೆ ಹೋದೆ. ಬಿ.ಎಚ್. ರಸ್ತೆಯಿಂದ ಒಳಕ್ಕೆ ತಿರುಗುವ ಓಣಿಯಲ್ಲಿ ಜರಿ, ಗುಂಡಿ, ಲೇಸು, ದಾರ ಮಾರುವ ಅಂಗಡಿ. ಟೈಲರುಗಳೇ ಅಲ್ಲಿನ ಗಿರಾಕಿಗಳು. ಗುಬ್ಬಿ, ಕುಣಿಗಲ್ ಕಡೆಯವರೂ ಅಲ್ಲಿಗೇ ಬರುತ್ತಿದ್ದರು. ಗಡ್ಡ ಬಿಟ್ಟ, ದನಿ ದೊಡ್ಡದಾದ ಮಾಲೀಕರಿಗೆ ನನ್ನ ಗುರುತು ಚೆನ್ನಾಗಿತ್ತು. ಪ್ರತಿ ಸಲ ಅವರೇ ಫೋಟೋ ಇಸಿದುಕೊಂಡು, ಹೊಸ್ತಿಲ ಬಳಿಯ ಹಗಲು ಬೆಳಕಿಗೆ ಹಿಡಿದು, ಲಡಿಗಳನ್ನು ಒಂದೊಂದಾಗಿ ಪಕ್ಕಕ್ಕಿಟ್ಟು ಬಣ್ಣ ಆರಿಸಿಕೊಡುತ್ತಿದ್ದರು.

"ಬನ್ನಿ ಮೇಡಮ್ಮೋರೆ. ಈ ಸಲ ಯಾರ್ ತಲೆ?"

ನಾನು ಕವರು ಕೊಟ್ಟೆ. ಅವರು ಹೊಸ್ತಿಲಿಗೆ ಹೋಗಿ ಕವರಿನಿಂದ ಫೋಟೋ ಹೊರತೆಗೆದು ಬೆಳಕಿಗೆ ಹಿಡಿದರು. ಆಮೇಲೆ ನಕ್ಕರು.

"ಇದು ನಮ್ ಹುಡುಗ ಕಣಮ್ಮ."

"ಯಾರು?"

"ನನ್ ತಮ್ಮ. ಗುಬ್ಬಿ ಬ್ಯಾಂಕಲ್ಲಿ ಕ್ಯಾಷಿಯರ್ ಅವ್ನಲ್ಲ. ನೀವೂ ಅಲ್ಲೇ ಅಂತ ನನಗೆಲ್ಲಿ ಗೊತ್ತು, ಕುಣಿಗಲ್ ಅಂತಿದ್ರಿ." ಫೋಟೋವನ್ನು ಮತ್ತೆ ನೋಡಿದರು. "ಅಂದ್ರೆ ಬಿಡ್ತಾವ್ನೆ. ನನಗೊಂದ್ ಮಾತು ಹೇಳಿಲ್ಲ ನೋಡಿ ಕಳ್ಳ."

ಇನ್ನೂ ಏನೂ ಆಗಿಲ್ಲ, ಅವರು ಅರ್ಜಿ ಕೊಟ್ಟಿಲ್ಲ ಎಂದು ನಾನು ಹೇಳಿದೆ. ಎರಡು ಸಲ ಹೇಳಿದೆ. ನನ್ನ ಕೈಯಿಂದ ಮುಖ ಹೊಲಿಸಿಕೊಂಡವರೆಲ್ಲ ಬ್ಯಾಂಕು ಬಿಟ್ಟವರೇ ಎಂಬುದು ಅವರಿಗೆ ಗೊತ್ತಿತ್ತು. ನನ್ನ ಮಾತಿಗಿಂತ ಅದನ್ನೇ ಅವರು ನಂಬಿದರು. ಅವರಿಗೆ ಖುಷಿಯಾಗಿತ್ತು.

"ಮನೇಲಿ ಗೋಡೆ ಮೇಲೆ ಮುಖ ಹಾಕಂಗಿಲ್ಲಮ್ಮ, ನಮಾಜ್ ಮಾಡೋ ಮನೆ. ನಮ್ಮಪ್ಪಂದೇ ಫೋಟೋ ಪೆಟ್ಟಿಗೇಲಿ ಐತೆ. ಇರ್ಲಿ, ಆಫೀಸಿನೋರು ಪ್ರೀತಿಯಿಂದ ಕೊಡ್ತಾರೆ. ಬಣ್ಣ ನೋಡೋಣ ಬನ್ನಿ. ಈ ಬ್ಲ್ಯಾಕ್ ಅಂಡ್ ವೈಟಲ್ಲಿ ಏನ್ ಕಾಣುತ್ತೆ ಮಣ್ಣು."

ಅವರು ಕಂದು, ಗೋಧಿ, ಇಟ್ಟಿಗೆ ಬಣ್ಣದ ಲಡಿಗಳನ್ನು ಹಿಡಿ ತುಂಬ ತೆಗೆದು, ಒಂದೊಂದನ್ನೇ ತಮ್ಮ ಕೆನ್ನೆಗೆ ಒತ್ತಿಕೊಂಡು, ಕೆಲಸದವನ ಕಡೆ ತಿರುಗಿ ಯಾವುದು ಬೆರೆತುಹೋಗುತ್ತದೆ ಎಂದು ಕೇಳಿದರು. "ನಾವಿಬ್ರೂ ಒಂದೇ ಬಣ್ಣ. ಹಿಂದಿನಿಂದ ನೋಡಿದ್ರೆ ನಮ್ಮಮ್ಮಂಗೇ ಗುರ್ತು ಹತ್ತುತಿರ್ಲಿಲ್ಲ." ನಾನು ಅವರು ಕೊಟ್ಟ ಲಡಿಗಳನ್ನೇ ತಂದೆ. ತಿಂಗಳುಗಟ್ಟಲೆ ಎದುರು ಸೀಟಿನಲ್ಲಿ ಕೂತಿದ್ದರೂ, ಸಾಹೇಬರ ಮುಖದ ಬಣ್ಣ ಯಾವುದೆಂದು ನೆನಪಿನಿಂದ ಹೇಳುವುದು ನನಗೆ ಸಾಧ್ಯವಿರಲಿಲ್ಲ.

ಮೂರು ವಾರ ಸಂಜೆ ಸಂಜೆ ಕೂತು ಹೊಲಿದೆ. ಆಮೇಲಿನ ಸೋಮವಾರ ರೈಲಿನಲ್ಲಿ ಸಾಹೇಬರು ಕನ್ನಡ ಪೇಪರ್ ಕೊಡಲಿಲ್ಲ. ಎರಡೂ ಪೇಪರುಗಳನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಕಡೆ ನೋಡುತ್ತಿದ್ದರು.

"ನನ್ ಮುಖ ಶುರು ಮಾಡಿದ್ದೀರಂತೆ."

ಮ್ಯಾನೇಜರು ಹೇಳಿದ್ದನ್ನು ನಾನು ಹೇಳಿದೆ. ಒಂದೂ ಬಿಡದೆ ಹೇಳಿದೆ. ಅವರು ಕೇಳಿಸಿಕೊಂಡರು.

"ನಾನು ಹೋಗಲ್ಲಮ್ಮ. ಅವ್ರಿಗೆ ಹೇಳಿದೀನಿ, ಕಂಪ್ಯೂಟರ್ ಕಲಿಸಿ, ಕಲೀತೀನಿ ಅಂತ. ಮುಟ್ಟಲ್ಲ ಅಂತ ಯಾವತ್ತು ಅಂದಿದ್ದೆ." ರೈಲು ನಿಧಾನವಾದಾಗ ಮತ್ತೆ ಹೇಳಿದರು. "ಹೋದ್ರೆ ಎಲ್ಲಿಗ್ ಹೋಗ್ಲಿ? ಅಂಗಡಿಗೆ. ನಾನಾಗೇ ಹೇಳ್ಲಿ ಅಂತ ಇಷ್ಟು ದಿನ ಕಾದಿದ್ನಂತೆ ಅಣ್ಣ, ನಿನ್ನೆ ಮನೆಗೆ ಬಂದು ಅರ್ಧ ಕೌಂಟರ್ ಖಾಲಿ ಮಾಡಿಸಿದೀನಿ ಅಂದ. ಚಿಕ್ಕವನಿದ್ದಾಗ ಅಲ್ಲಿ ನೆಲದ ಮೇಲೆ ಕೂತು ದಾರ ಸುತ್ತುತಿದ್ದೆ, ಅವನು ಮೇಲೆ ಕೂತು ಬೈತಿದ್ದ. ಒಳ್ಳೆಯವನೇ. ಆದ್ರೆ ಅಂಗಡೀಲಿ ನಾನು ತಮ್ಮ. ಬ್ಯಾಂಕಲ್ಲಿ ನಾನು ಕ್ಯಾಷಿಯರ್."

ಅಷ್ಟು ತಿಂಗಳುಗಳಲ್ಲಿ ಅವರು ನನ್ನ ಹತ್ತಿರ ಅಷ್ಟು ಉದ್ದ ಮಾತಾಡಿದ್ದು ಅದೇ ಮೊದಲು. ಆ ದಿನ ಊಟದ ಹೊತ್ತಿಗೆ ನಾನು ಮ್ಯಾನೇಜರ ಕೋಣೆಗೆ ಹೋದೆ. ಸಾಹೇಬರು ಹೋಗುವುದಿಲ್ಲ ಅನ್ನುತ್ತಿದ್ದಾರೆ, ಹೊಲಿಗೆ ನಿಲ್ಲಿಸುತ್ತೇನೆ ಎಂದೆ. ಅವರು ಫೋನು ಕಿವಿಗಿಟ್ಟುಕೊಂಡೇ ಇದ್ದರು.

"ನೀವು ನಿಲ್ಲಿಸಿದ್ರೆ ಹೋಗೋರ ಲಿಸ್ಟಿಂದ ಅವರ ಹೆಸರು ಬಿಟ್ಟು ಹೋಗುತ್ತಾ ಮೇಡಂ?"

ನಿಲ್ಲಿಸಿದೆ. ಅಷ್ಟು ಹೊತ್ತಿಗೆ ಹಣೆ, ಎಡಗೆನ್ನೆ, ಮೂಗಿನ ಒಂದು ಪಕ್ಕ ಆಗಿತ್ತು. ಬಟ್ಟೆಯನ್ನು ಕಸೂತಿಯ ರಿಂಗಿನಿಂದ ಬಿಚ್ಚಿ ಮಡಿಸಿ ಇಟ್ಟೆ.

ಆದರೆ ಅಂಗಡಿಗೆ ಬರುವ ಗುಬ್ಬಿಯ ಟೈಲರುಗಳಿಗೆಲ್ಲ ಅಣ್ಣನವರು ಸುದ್ದಿ ಹೇಳಿಯಾಗಿತ್ತು. ಟೈಲರುಗಳಿಂದ ಅದು ಸಂತೆಗೆ ಹೋಯಿತು. ಮರುವಾರದಿಂದ ಕಿಂಡಿಯ ಮುಂದೆ ನಿಂತವರೆಲ್ಲ ಅದನ್ನೇ ಕೇಳತೊಡಗಿದರು. ನನ್ನ ಮೇಜು ಕ್ಯಾಬಿನ್ನಿನ ಪಕ್ಕದಲ್ಲೇ ಇದ್ದುದರಿಂದ ಎಲ್ಲವೂ ಕೇಳುತ್ತಿತ್ತು.

"ಏನ್ ಸಾಹೇಬ್ರೆ, ಹೊರಟ್ರಂತೆ. ಕೈ ತುಂಬಾ ಕೊಡ್ತಾರಂತೆ," ಎಂದು ಕೊಬ್ಬರಿ ವ್ಯಾಪಾರಿ.

"ಇಲ್ಲಪ್ಪ, ಎಲ್ಲಿಗೂ ಹೊರಟಿಲ್ಲ."

"ಅಯ್ಯೋ, ನಾವೇನ್ ಸಾಲ ಕೇಳ್ತೀವಾ? ಬಚ್ಚಿಡ್ತೀರಲ್ಲ."

ಒಬ್ಬ ಮೇಷ್ಟ್ರು ಕಿಂಡಿಯೊಳಗೆ ಕೈ ಹಾಕಿ ಕೈಕುಲುಕಿ ಶುಭ ಕೋರಿದರು. ಒಬ್ಬಾತ ಆ ಕೆಲಸ ತನ್ನ ಮಗನಿಗೆ ಸಿಗಬಹುದೇ ಎಂದು ಕೇಳಿದ. ಪಿಂಚಣಿಯ ಅಜ್ಜಿ ಸೆರಗಿನಲ್ಲಿ ಬಾಳೆಹಣ್ಣಿನ ಚಿಪ್ಪು ಕಟ್ಟಿಕೊಂಡು ಬಂದಿತ್ತು.

"ಹೋಯ್ತೀಯಂತಲ್ಲ."

"ಇಲ್ಲ ಕಣಜ್ಜಿ."

"ತಗೋ ಹಣ್ಣು. ಇನ್ಮೇಲೆ ನನ್ನನ್ನ ಬಯ್ಯೋರ್ಯಾರು."

"ಇಲ್ಲ ಅಂದ್ನಲ್ಲ ಅಜ್ಜಿ. ಹೋಗಲ್ಲ."

"ಆಯ್ತು ಬುಡು, ಹಣ್ಣಾದ್ರೂ ತಿನ್ನು," ಎಂದು ಅಜ್ಜಿ ಕಿಂಡಿಯೊಳಗೆ ಚಿಪ್ಪು ತೂರಿಸಿತು. ಚಿಪ್ಪು ತೂರಲಿಲ್ಲ. ಒಂದೊಂದೇ ಹಣ್ಣು ಕಿತ್ತು ಒಳಗೆ ಕೊಟ್ಟಿತು. ಸಾಹೇಬರು ಒಂದೊಂದನ್ನೇ ತೆಗೆದುಕೊಂಡು ಸ್ಪಂಜು ಡಬ್ಬಿಯ ಪಕ್ಕದಲ್ಲಿ ಇಟ್ಟುಕೊಂಡರು. ಆಮೇಲೆ ಅವರ ದನಿ ಹಾಲಿಗೆ ಕೇಳುವುದು ಕಡಿಮೆಯಾಯಿತು. ಹೋಗುವುದಿಲ್ಲವೆಂದು ಹೇಳುವುದನ್ನೂ ಬಿಟ್ಟರು. ಯಾರಾದರೂ ಕೇಳಿದರೆ ಹೂಂ ಅಂದು ಹಣ ಕೊಟ್ಟು ಕಳಿಸುತ್ತಿದ್ದರು. ನಾನು ಮೇಜಿನ ಮೇಲೆ ತಲೆ ತಗ್ಗಿಸಿಕೊಂಡು ಫೋಟೋಗಳಿಗೆ ಗೋಂದು ಹಚ್ಚುತ್ತಿದ್ದೆ.

ಕೊನೆಯ ದಿನ ಸಂಜೆ ಮ್ಯಾನೇಜರು ಅರ್ಜಿಯ ಫಾರಂ ಹಿಡಿದು ಕ್ಯಾಬಿನ್ನಿನ ಹತ್ತಿರ ಬಂದರು. ಒತ್ತಾಯವೇನಿಲ್ಲ ಎಂದರು. ಸಾಹೇಬರು ಫಾರಂ ಇಸಿದುಕೊಂಡು, ನಿಂತುಕೊಂಡೇ ತುಂಬಿ, ಸಹಿ ಹಾಕಿ, ಕಿಂಡಿಯಿಂದ ಹೊರಕ್ಕೆ ಕೊಟ್ಟರು. ಗಿರಾಕಿಗಳಿಗೆ ಪಾಸ್‌ಬುಕ್ ಕೊಟ್ಟ ಹಾಗೆ. ವಾಪಸ್ಸಿನ ರೈಲಿನಲ್ಲಿ ನಾನು ಕೇಳದಿದ್ದರೂ ಹೇಳಿದರು.

"ಇಲ್ಲ ಇಲ್ಲ ಅಂತ ಹೇಳಿ ಹೇಳಿ ಸಾಕಾಯ್ತಮ್ಮ. ಊರೆಲ್ಲ ಕಳಿಸಾಗಿದೆ. ಇನ್ನು ಇದ್ರೆ, ಯಾಕಿನ್ನೂ ಇದೀಯಾ ಅಂತ ಕೇಳ್ತಾರೆ. ಅದಕ್ಕೂ ಬೇರೆ ಉತ್ತರ ಹುಡುಕ್ಬೇಕು."

ನಾನು ಕನ್ನಡ ಪೇಪರಿನಲ್ಲಿ ಆಗಲೇ ಓದಿದ್ದ ಪುಟವನ್ನೇ ಓದಿದೆ.

ಬೀಳ್ಕೊಡುಗೆ ಕೆಲವು ವಾರಗಳ ನಂತರ ಆಯಿತು. ಮುಖ ಹೊಲಿದಿಲ್ಲವೆಂದು ಮ್ಯಾನೇಜರಿಗೆ ಬೇಸರವಿತ್ತು. ಆದರೂ ಸೂಟ್‌ಕೇಸ್ ತರಿಸಿದ್ದರು. ಶಾಲು, ಗಂಧದ ಹಾರ, ಒಂದು ತಟ್ಟೆಯಲ್ಲಿ ಖಾರಾಬೂಂದಿ, ಮೈಸೂರು ಪಾಕು. ಭಾಷಣದಲ್ಲಿ ಎಲ್ಲರೂ ಸಾಹೇಬರು ತಮಾಷೆಯ ಮನುಷ್ಯ ಎಂದರು. ಅವರು ಕೊನೆಗೆ ಎದ್ದುನಿಂತು ಧನ್ಯವಾದ ಹೇಳಿ ಕೂತರು.

ಮಡಿಸಿಟ್ಟಿದ್ದ ಬಟ್ಟೆಯನ್ನು ಆ ದಿನ ನಾನು ಬ್ಯಾಗಿನಲ್ಲಿ ತಂದಿದ್ದೆ. ಅದನ್ನು ಕೊಡಬೇಕೋ ಬೇಡವೋ ಎಂದು ನನಗೆ ತೀರ್ಮಾನವಾಗಿರಲಿಲ್ಲ. ವಾಪಸ್ಸಿನ ರೈಲಿನಲ್ಲಿ ಸೂಟ್‌ಕೇಸನ್ನು ಕಾಲ ಸಂದಿಯಲ್ಲಿ ಇಟ್ಟುಕೊಂಡು ಕೂತಿದ್ದ ಅವರೇ ಕೇಳಿದರು.

"ಅದೇನಾಯ್ತು, ಆ ಮುಖ? ಇದ್ದಷ್ಟು ತೋರ್ಸಿ."

ಬಿಡಿಸಿ ಕೊಟ್ಟೆ. ಅವರು ಕಿಟಕಿಯ ಬೆಳಕಿಗೆ ಹಿಡಿದರು. ಇನ್ನೂ ಬಿಸಿಲಿತ್ತು. ಅಂಗೈ ಅಗಲದ ಕೆನ್ನೆ, ಹಣೆ, ಮೂಗಿನ ಪಕ್ಕ. ಮಿಕ್ಕದ್ದು ನೀಲಿ ಚುಕ್ಕೆ. ಬಹಳ ಹೊತ್ತು ನೋಡಿದರು.

"ಇದು ನಮ್ಮಣ್ಣ."

"ಅಲ್ಲ ಸರ್, ನಿಮ್ದೇ ಫೋಟೋದಿಂದ ತೆಗೆದಿದ್ದು."

"ಗೆರೆ ನನ್ದೇ. ಬಣ್ಣ ಅವನ್ದು. ಬಣ್ಣ ಯಾರು ಆರಿಸಿದ್ದು?"

ಅಂಗಡಿಯ ಹೊಸ್ತಿಲಲ್ಲಿ ನಿಂತು ಅವರ ಅಣ್ಣ ಲಡಿಗಳನ್ನು ಕೆನ್ನೆಗೆ ಒತ್ತಿಕೊಂಡದ್ದನ್ನು ಹೇಳಿದೆ. ಸಾಹೇಬರು ನಗತೊಡಗಿದರು. ದನಿಯಿಲ್ಲದ ನಗು, ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳಬೇಕಾಯಿತು. ಆಮೇಲೆ ಬಟ್ಟೆಯನ್ನು ತಮ್ಮ ಮುಖದ ಪಕ್ಕದಲ್ಲಿ ಹಿಡಿದು, "ನೋಡಿ ಈಗ" ಅಂದರು.

ನೋಡಿದೆ. ಬಟ್ಟೆಯ ಮೇಲಿನ ಕೆನ್ನೆ ಸುಟ್ಟ ಇಟ್ಟಿಗೆಯ ಹಾಗಿತ್ತು, ದಿನವಿಡೀ ಬೀದಿಯ ಬೆಳಕಿಗೆ ಕೂತ ಮನುಷ್ಯನದ್ದು. ಅದರ ಪಕ್ಕದಲ್ಲಿ ಅವರ ಸ್ವಂತ ಕೆನ್ನೆಗೆ ಹಿಟ್ಟು ಸವರಿದ ಹಾಗಿತ್ತು. ಕಣ್ಣಿನ ಕೆಳಗೆ ಮಾತ್ರವಲ್ಲ, ಗದ್ದದವರೆಗೂ ಆ ಹಸಿರು ಬೂದು.

"ಅಣ್ಣಂಗೂ ನಂಗೂ ಒಂದೇ ಬಣ್ಣ ಇತ್ತು, ಸುಳ್ಳಲ್ಲ. ಬ್ಯಾಂಕ್ ಸೇರೋವರೆಗೂ."

ಬಟ್ಟೆಯನ್ನು ನಾನು ಮಡಿಸಿದ್ದ ಗೆರೆಗಳಲ್ಲೇ ಮಡಿಸಿ ವಾಪಸ್ಸು ಕೊಟ್ಟರು.

"ತಪ್ಪೇನ್ ಮಾಡಿಲ್ಲ ಬಿಡಿ. ಸ್ವಲ್ಪ ಮುಂಚೆ ಮಾಡಿದೀರಿ ಅಷ್ಟೇ. ನಾಳೆಯಿಂದ ಅಲ್ಲೇ ಕೂರ್ತೀನಲ್ಲ, ಬಾಗಿಲ ಹತ್ರ, ಸ್ಟೂಲ್ ಮೇಲೆ. ಕುರ್ಚಿ ಅವನ್ದು. ಒಂದೆರಡು ವರ್ಷಕ್ಕೆ ಈ ಬಣ್ಣ ಬಂದ್ಬಿಡುತ್ತೆ."

ತುಮಕೂರಿನಲ್ಲಿ ಇಳಿದಾಗ ಅವರು ಎರಡೂ ಪೇಪರುಗಳನ್ನು ಸೀಟಿನ ಮೇಲೆ ಬಿಟ್ಟು, ಸೂಟ್‌ಕೇಸ್ ಎತ್ತಿಕೊಂಡು, "ಬರ್ತೀನಮ್ಮ" ಎಂದು ಆಟೋ ನಿಲ್ಲುವ ಕಡೆಗೆ ಹೋದರು.

ಮರುದಿನ ಬೆಳಿಗ್ಗೆ ಗುಬ್ಬಿಯಲ್ಲಿ ಕ್ಯಾಷಿಗೆ ಯಾರೂ ಇರಲಿಲ್ಲ. ಬದಲಿಯವರು ಮುಂದಿನ ವಾರ ಬರುತ್ತಾರೆ, ಅಲ್ಲಿಯವರೆಗೆ ನೀವೇ ಕೂರಿ ಎಂದು ಮ್ಯಾನೇಜರು ನನಗೆ ಹೇಳಿದರು. ಕ್ಯಾಬಿನ್ನಿನ ಬಾಗಿಲು ಒಳಗಿನಿಂದ ಹಾಕಿಕೊಂಡೆ. ಕುರ್ಚಿ ನನಗೆ ತಗ್ಗಾಯಿತು; ಕೂತರೆ ಕಿಂಡಿ ಸರಿಯಾಗಿ ಕಣ್ಣಿನ ಮಟ್ಟಕ್ಕೆ ಬರುತ್ತಿತ್ತು. ಟ್ಯೂಬ್‌ಲೈಟ್ ನೆತ್ತಿಯ ಮೇಲೆ ಸಣ್ಣಗೆ ಗುಂಯ್‌ಗುಡುತ್ತಿತ್ತು. ಗಾಜಿನ ಆಚೆಗೆ ಒಬ್ಬರು ಬಗ್ಗಿ, ಕಿಂಡಿಯಲ್ಲಿ ಹಣೆಯಿಂದ ಗದ್ದದವರೆಗಿನ ಮುಖ ಇಟ್ಟು, "ಸಾಹೇಬ್ರಿಲ್ವಾ?" ಎಂದು ಕೇಳಿದರು. ಅವರ ಭುಜವಾಗಲಿ ಕೈಯಾಗಲಿ ಅಲ್ಲಿಂದ ಕಾಣುತ್ತಿರಲಿಲ್ಲ. ನಾನು ಅವರ ಮುಖವನ್ನೇ ನೋಡಿ, ಇಲ್ಲ, ಹೋದರು ಎಂದೆ. ಮೊದಲ ಟೋಕನ್ನಿನ ನಂಬರ್ ಕೂಗಿದೆ. ದನಿ ಹೊರಗೆ ಹೋಗಲಿಲ್ಲವೆಂದು ಕಾಣುತ್ತದೆ, ಬೆಂಚಿನಿಂದ ಯಾರೂ ಏಳಲಿಲ್ಲ. ಕುರ್ಚಿಯನ್ನು ಮುಂದಕ್ಕೆಳೆದುಕೊಂಡು, ಬಾಯಿಯನ್ನು ಕಿಂಡಿಯ ಹತ್ತಿರ ತಂದು, ಇನ್ನೊಂದು ಸಲ ಕೂಗಿದೆ.